ಬೀಗಿತ್ತಿಯನ್ನು ಹೊಗಳಿದ ಹಾಡು

ತಂಗಿಯ ಮದುವೆಗೆಂದು ಗುಬ್ಬಿಯಿಂದ ಬಂದ ಸೋದರತ್ತೆಯನ್ನು ನನ್ನ ತಮ್ಮ ಸದಾಶಿವನಗರದ ನಮ್ಮ ಮನೆಯಲ್ಲಿ ಕೂರಿಸಿಕೊಂಡು, "ಅತ್ತೆ, ನಾಕು ಸೋಬಾನೆ ಪದ ಹೇಳು, ರೆಕಾರ್ಡ್ ಮಾಡ್ಕೊತೀನಿ" ಎಂದಾಗಲೇ ನನಗೆ ಅನುಮಾನ ಬಂತು. ಸೋಬಾನೆ ಶುರುವಾದರೆ ಎದ್ದು ಹೊರಗೆ ಹೋಗುವ ಆಸಾಮಿಗೆ ಈಗೇನು ಇದ್ದಕ್ಕಿದ್ದಂತೆ ಪ್ರೀತಿ? ಅತ್ತೆ ಮಾತ್ರ ಉಬ್ಬಿಹೋಗಿ ಒಂದರ ಹಿಂದೆ ಒಂದು ಹೇಳಿದರು.

ನಮ್ಮ ಕಡೆ ಹೆಣ್ಣಿನ ಮನೆಯವರು ಗಂಡಿನ ತಾಯಿಯನ್ನು, ಅಂದರೆ ಬೀಗಿತ್ತಿಯನ್ನು, ಹಾಡಿನಲ್ಲೇ ಹಂಗಿಸುವುದುಂಟು. ಅತ್ತೆ ಅದರಲ್ಲಿ ಪಳಗಿದವರು. ಮೊದಲೇ ಕಟ್ಟಿಕೊಂಡು ಬರುವುದಿಲ್ಲ. ಬೀಗಿತ್ತಿ ನಡೆಯುವುದನ್ನು, ಉಣ್ಣುವುದನ್ನು ಓರೆಗಣ್ಣಲ್ಲಿ ನೋಡುತ್ತಾ ಅಲ್ಲೇ ಕಟ್ಟುತ್ತಾರೆ.

ಕುಣಿಗಲ್ಲಿನ ಛತ್ರದಲ್ಲಿ ಧಾರೆ ಮುಗಿದು ಬೀಗರು ಊಟಕ್ಕೆ ಕೂತರು. ಅತ್ತೆ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಸ್ಪೀಕರಿನಿಂದ ಅವರದೇ ದನಿ ಹೊರಟಿತು. ಅತ್ತೆ ಬಾಯಿ ಮುಚ್ಚಿಕೊಂಡು ನಿಂತಿದ್ದಾರೆ, ದನಿ ಹಾಡುತ್ತಿದೆ! ಬೀಗಿತ್ತಿ ಚಿನ್ನದಂಥ ಮನಸ್ಸಿನವರಂತೆ, ಬೆಳದಿಂಗಳಂಥವರಂತೆ.

"ಎಐ ಕಣಕ್ಕಾ. ಅವತ್ತಿನ ರೆಕಾರ್ಡು, ಬೀಗಿತ್ತಿ ಹೆಸ್ರು, ಊರು ಕೊಟ್ಟೆ ಅಷ್ಟೇ, ಅದೇ ಕಟ್ಟಿ ಅತ್ತೆ ದನೀಲಿ ಹಾಡ್ತು. ಅತ್ತೆಗೂ ಸುಸ್ತಾಗಲ್ಲ" ಎಂದ ತಮ್ಮ. ಜನ ಚಪ್ಪಾಳೆ ತಟ್ಟಿ ಅತ್ತೆಯನ್ನೇ ಕೊಂಡಾಡಿದರು. ನನಗೆ ಅವರ ಮುಖ ನೋಡಲಾಗಲಿಲ್ಲ.

ಬೀಗಿತ್ತಿ ಎಲೆ ಮುಟ್ಟಲಿಲ್ಲ. ತಂಗಿ ಬಾಳಬೇಕಾದ ಮನೆಯ ಯಜಮಾನಿ ಅವರು. ಅತ್ತೆಯನ್ನು ಹತ್ತಿರ ಕರೆದು ಕೇಳಿದರು: "ಯಾಕ್ ಬೀಗ್ರೇ, ನಾವೇನ್ ತಪ್ ಮಾಡುದ್ವಿ? ನಮ್ಮನ್ನ ಆಡ್ಕೊಳ್ಳೋವಷ್ಟು ಸಲಿಗೇನೂ ಇಲ್ವಾ? ಹೊರಗ್ನೋರ್ನ ಹೊಗಳ್ದಂಗೆ ಹೊಗಳ್‌ಬುಟ್ರಲ್ಲ!"

ಅತ್ತೆ ಹಾಡಲು ಬಾಯಿ ತೆರೆದರು. ಅಷ್ಟರಲ್ಲಿ ತಮ್ಮ ಮೊಬೈಲು ಎತ್ತಿ ಹಿಡಿದಿದ್ದು ಕಂಡಿತು. ತಟ್ಟನೆ ಬಾಯಿ ಮುಚ್ಚಿ, ಬೀಗಿತ್ತಿಯ ಪಕ್ಕದಲ್ಲಿ ಕೂತು, ಹೆಗಲು ಬಳಸಿ, ಕಿವಿಯಲ್ಲೇ ಏನೋ ಹಾಡಿದರು. "ಅಯ್ಯಯ್ಯೋ, ನಿಮ್ ಬಾಯಿಗಿಷ್ಟು!" ಎಂದು ಬೀಗಿತ್ತಿ ಅವರ ತೋಳಿಗೆ ಹೊಡೆದು, ಹೊಟ್ಟೆ ಹುಣ್ಣಾಗುವಂತೆ ನಕ್ಕು, ಅನ್ನಕ್ಕೆ ಕೈಯಿಟ್ಟರು.

ಏನು ಹಾಡಿದರೆಂದು ಸಂಜೆ ಅತ್ತೆಯ ಕೈ ಹಿಡಿದು ಪೀಡಿಸಿದೆ. ಕಟ್ಟಿದ ಹಾಡನ್ನೆಲ್ಲ ಚಿಕ್ಕಂದಿನಿಂದಲೂ ನನಗೆ ಹೇಳಿದವರು ಅವರು. ನನ್ನಿಂದ ಏನನ್ನೂ ಮುಚ್ಚಿಟ್ಟವರಲ್ಲ. ನಗುತ್ತಲೇ ಬಾಯಿ ತೆರೆದವರು ಕೈ ಬಿಡಿಸಿಕೊಂಡರು. ನನ್ನ ಮುಖವನ್ನು ಒಂದು ಗಳಿಗೆ ನೋಡಿದರು.

"ನಿನ್ ಫೋನ್ ಎಲ್ಲೈತವ್ವ?" ಎಂದು ಕೇಳಿದರು.