ಹುಡೇವಿನ ಕಲ್ಲು

ಬೆಳಕು ಹರಿಯುವ ಮೊದಲೇ ದ್ಯಾಮಕ್ಕ ಹೊಳೆಗಿಳಿದು ಒಂದು ತಂಬಿಗೆ ನೀರು ಮೊಗೆದುಕೊಂಡು ಗುಡ್ಡ ಹತ್ತುತ್ತಿದ್ದಳು. ಜ್ವರ ಬಂದ ದಿನವೂ, ಹಟ್ಟಿಯಲ್ಲಿ ಕುರಿ ಈಯುತ್ತಿದ್ದ ದಿನವೂ ಇದು ತಪ್ಪಿದ್ದಿಲ್ಲ. ಹಡಗಲಿ ಸೀಮೆಯ ಆ ಗುಡ್ಡದ ನೆತ್ತಿಯಲ್ಲಿ ಪಾಳೇಗಾರರ ಕೋಟೆ. ಅದರ ಹುಡೇವು, ಅಂದರೆ ಕಾವಲಿನ ಬುರುಜು, ಅರ್ಧ ಕುಸಿದಿತ್ತು. ಒಳಗೊಂದು ಗುಳಿ, ಗುಳಿಯಲ್ಲಿ ತಲೆಯಷ್ಟು ದಪ್ಪದ ದುಂಡು ಕಲ್ಲು. ಅತ್ತೆಯ ಅತ್ತೆಯ ಕಾಲದಿಂದಲೂ ಅವಳ ಮನೆಯವರಿಗೆ ಅದೇ ಬೀರಪ್ಪ ದೇವರು. ನೀರು ಸುರಿದು, ಚಿಟಿಕೆ ಭಂಡಾರದ ಅರಿಶಿನ ಹಚ್ಚಿ ಇಳಿದು ಬರುವಳು.

ಮಗ ಮೈಲಾರೇಶ ಮಿಲಿಟರಿ ಸೇರಿದ ಮೇಲೆ ಅವಳ ಬೇಡಿಕೆ ಒಂದೇ: ನನ್ನ ಕೂಸಿಗೆ ಗುಂಡು ತಾಗದಿರಲಿ. ನಾಲ್ಕು ವರ್ಷ ಬೇಡಿದಳು. ತೊಂಬತ್ತೊಂಬತ್ತರಲ್ಲಿ ಕಾಶ್ಮೀರದ ಗುಡ್ಡವೊಂದರ ಮೇಲೆ ಶೆಲ್ ಬಿದ್ದು ಅವನು ಹೋದ. ಪೆಟ್ಟಿಗೆ ಬಂತು, ಬಾವುಟ ಬಂತು, ಜನ ಬಂದು ಹೋದರು. ದ್ಯಾಮಕ್ಕ ಅಳಲಿಲ್ಲ. ಮಣ್ಣು ಮಾಡಿದ ಮರುದಿನವೂ ಗುಡ್ಡ ಹತ್ತಿದಳು. ಸೂತಕವೆಂದು ಕಲ್ಲು ಮುಟ್ಟದೆ ದೂರದಿಂದಲೇ ನೀರು ಹಾಕಿದಳು. ಬೇಡಲು ಏನೂ ಉಳಿದಿರಲಿಲ್ಲ.

ಐದು ವರ್ಷಕ್ಕೆ ಗುಡ್ಡ ಪಾರ್ಕ್ ಆಯಿತು. ಹೊಳೆದಂಡೆಯಲ್ಲಿ ಜೋಕಾಲಿ, ಹರಗೋಲಿನ ಸವಾರಿ, ಬಂಡೆಗೆ ಹಗ್ಗ ಕಟ್ಟಿ ಹತ್ತುವ ಕಾಲೇಜು ಹುಡುಗರು. ಕೋಟೆ ನೋಡಲು ಬಂದ ಮೇಷ್ಟ್ರೊಬ್ಬರು ಕಲ್ಲನ್ನು ತೊಳೆಸಿ, ಅಳೆದು, ಇದು ಫಿರಂಗಿಯ ಗುಂಡು ಎಂದರು. ಆಳುಗಳು ಅದನ್ನು ಕೆಳಗೆ ತಂದು ಗೇಟಿನ ಪಕ್ಕ ಸಿಮೆಂಟ್ ಕಟ್ಟೆಯ ಮೇಲೆ ಕೂರಿಸಿದರು. ಜೊತೆಗೊಂದು ಬೋರ್ಡು.

ಅದನ್ನು ಅವಳಿಗೆ ಓದಿ ಹೇಳಿದವನು ಪಾರ್ಕಿನ ವಾಚರ್ ಪಾಲಾಕ್ಷಪ್ಪ.

“ಫಿರಂಗಿ ಗುಂಡು, ಮುಟ್ಟಬಾರದು ಅಂತ ಬರ್ದಾರ. ದೇವ್ರಲ್ಲಂತ ದೊಡ್ಡವ್ವ.”

“ಮನಷ್ಯಾರನ್ನ ಕೊಲ್ಲಾಕ ಮಾಡಿದ್ದೇನು?”

“ಮತ್ತೇನು, ಮಾವಿನಕಾಯಿ ಉದುರ್ಸಾಕೇನು?” ಎಂದವನು ಮೈಲಾರೇಶನ ನೆನಪಾಗಿ ನಾಲಿಗೆ ಕಚ್ಚಿಕೊಂಡ.

ದ್ಯಾಮಕ್ಕ ಕಲ್ಲನ್ನೇ ನೋಡಿದಳು. ಎಷ್ಟು ತೊಳೆದರೂ ಬಿರುಕಿನಲ್ಲಿ ಭಂಡಾರ ಉಳಿದಿತ್ತು. ಎದೆಯಲ್ಲಿ ಏನಾದರೂ ಆಗುತ್ತದೆಯೇನೋ ಎಂದು ಕಾದಳು. ಏನೂ ಆಗಲಿಲ್ಲ. ತಂಬಿಗೆ ಹಿಡಿದು ಮೆಟ್ಟಿಲು ಹತ್ತಿದಳು, ಬರಿದಾದ ಗುಳಿಗೆ ನೀರು ಸುರಿದಳು, ಅದರ ಅಂಚಿಗೆ ಭಂಡಾರ ಹಚ್ಚಿ ಇಳಿದಳು.

ವಾರವಿಡೀ ಹೀಗೇ ನಡೆಯಿತು. ಪಾಲಾಕ್ಷಪ್ಪನಿಗೆ ತಡೆಯಲಾಗಲಿಲ್ಲ.

“ದೊಡ್ಡವ್ವ, ನಾಳೆ ಪಾರ್ಕಿಗಿ ರಜಾ. ಸಾಹೇಬ್ರು ಬರಂಗಿಲ್ಲ. ನಾನೂ ಹರಗೋಲಿನ ಎರ್ರೆಪ್ಪನೂ ಕೂಡಿ ಅದನ್ನ ಹೊತ್ತು ಮ್ಯಾಲಿಟ್ಟು ಬರ್ತೀವಿ. ಇಲ್ಲೊಂದು ಹೊಳಿ ಕಲ್ಲು ಇಟ್ರ ಯಾರಿಗ್ ಗೊತ್ತಾಕ್ಕೈತಿ?”

“ಬ್ಯಾಡ.”

“ಯಾಕ? ಖಾಲಿ ಗುಳಿಗಿ ನೀರ್ ಹಾಕ್ತಾಳ ಅಂತ ಊರು ನಗತೈತಿ.”

“ನಗಲಿ. ಅದು ಇಲ್ಲೇ ಇರ್ಲಿ ಪಾಲಾಕ್ಷ. ಮುಟ್ಟಬಾರದು ಅಂತ ಬರ್ದಾರಲ್ಲ.”

ತಂಬಿಗೆಯ ನೀರು ತುಳುಕದಂತೆ ಅಂಗೈ ಮುಚ್ಚಿಕೊಂಡು ದ್ಯಾಮಕ್ಕ ಮೆಟ್ಟಿಲ ಕಡೆ ತಿರುಗಿದಳು.