ವಧು ವರ ಒಂದೇ ಬಳಿಯೇ? ಉತ್ತರ: ಹೌದು

ಮೂಲೆಗೆ ಅರಸಿನ ಹಚ್ಚಿದ ಮದುವೆ ಕಾಗದ ಎಷ್ಟೇ ಹಳೆಯದಾಗಲಿ, ಅದಕ್ಕೊಂದು ವಾಸನೆಯಿರುತ್ತದೆ. ಮೊನ್ನೆ ಕೊಡೆ ಹುಡುಕಲು ಅಜ್ಜಿಯ ಟ್ರಂಕು ತೆರೆದೆ. ಕೊಡೆ ಸಿಗಲಿಲ್ಲ, ಆ ವಾಸನೆ ಸಿಕ್ಕಿತು. ಎಲ್ಲಕ್ಕಿಂತ ಮೇಲಿದ್ದದ್ದು ನನ್ನ ಅಕ್ಕನ ಮದುವೆ ಕಾಗದ. ಅದು ಅಚ್ಚಾಗದಂತೆ ಇನ್ನೇನು ತಡೆದೇಬಿಟ್ಟಿದ್ದ ಮಹಾಪುರುಷ ಯಾರು ಗೊತ್ತೆ? ನಿಮ್ಮೆದುರು ಹರಟುತ್ತಿರುವ ಇವನೇ.

ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ನಾನು ಮಣಿಪಾಲದ ಒಂದು ಸಣ್ಣ ಕಂಪೆನಿಯಲ್ಲಿ ಪ್ರೋಗ್ರಾಮರ್. ಪ್ರೋಗ್ರಾಮಿಗಿಂತ ಮಿಮಿಕ್ರಿಯಲ್ಲಿ ಹೆಚ್ಚು ಹೆಸರು ಮಾಡಿದ್ದೆ. ಕಾರ್ಕಳ ಬಸ್ಸಿನ ಕಂಡಕ್ಟರನ ಮೂಗುಸ್ವರ, ರಜೆ ಕೇಳಿದಾಗ ಮಾತ್ರ ಬಾಸಿಗೆ ಬರುವ ಕೆಮ್ಮು, ಎಲೆಯಡಿಕೆ ಬಾಯಲ್ಲಿಟ್ಟುಕೊಂಡೇ ಬೈಯುವ ಅಜ್ಜಿ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದರು. ಅಜ್ಜಿಯೆಂದರೆ ಅಮ್ಮನ ಅಮ್ಮ, ಕಾಪುವಿನ ನಮ್ಮ ಮನೆಯ ಹೈಕೋರ್ಟು. "ಇವನಿಗೆ ಎಲ್ಲರ ಸ್ವರ ಬರ್ತದೆ. ಇವನದ್ದು ಯಾವುದು ಅಂತ ದೇವರಿಗೇ ಗೊತ್ತು" ಎನ್ನುತ್ತಿದ್ದಳು.

ಆಗ ನನಗೆ ಹಿಡಿದಿದ್ದ ಹುಚ್ಚು ಸೆಮ್ಯಾಂಟಿಕ್ ವೆಬ್. ಹೆದರಬೇಡಿ, ಒಂದೇ ನಿಮಿಷ. ಲೋಕದ ಸಂಗತಿಗಳನ್ನು 'ಸುಂದರಿ ಗಿರಿಜೆಯ ತಾಯಿ' ಎಂಬಂಥ ಮೂರು ಪದದ ವಾಕ್ಯಗಳಾಗಿ ಒಡೆದು ಕಂಪ್ಯೂಟರಿಗೆ ಉಣಿಸುವುದು. ಜೊತೆಗೆ ನಾಲ್ಕು ನಿಯಮ ಕೊಟ್ಟರೆ ನಾವು ಹೇಳದೆ ಬಿಟ್ಟ ಸಂಬಂಧವನ್ನೂ ಅದು ಊಹಿಸುತ್ತದೆ. ಆಮೇಲೆ ಸ್ಪಾರ್ಕಲ್ ಎಂಬ ಭಾಷೆಯಲ್ಲಿ ಪ್ರಶ್ನೆ ಕೇಳಬಹುದು. ಒಂದು ಬಗೆಯ ಪ್ರಶ್ನೆಗೆ 'ಹೌದು', 'ಅಲ್ಲ' ಎಂದಷ್ಟೇ ಉತ್ತರ. ಇನ್ನೊಂದು ಬಗೆಗೆ ಯಾರು, ಯಾವುದು ಎಂದು ಹೆಸರು ಸಮೇತ. ಈ ವ್ಯತ್ಯಾಸ ನೆನಪಿಡಿ. ನಾನು ಇಡಲಿಲ್ಲ.

ಉಣಿಸಲು ಸಂಗತಿಗಳು ಬೇಕಲ್ಲ? ಅವು ಇದೇ ಟ್ರಂಕಿನಲ್ಲಿದ್ದವು. ಬಂದ ಮದುವೆ ಕಾಗದ ಎಸೆಯಬಾರದೆಂಬುದು ಅಜ್ಜಿಯ ಶಾಸ್ತ್ರ. ಯಾರು ಯಾರ ಮಗಳು, ಯಾವ ಊರು, ಎಲ್ಲ ಅಚ್ಚಿನಲ್ಲೇ ಇತ್ತು. ಯಾರದು ಯಾವ ಬಳಿ ಎಂದು ಅಜ್ಜಿ ತನಗೆ ಗೊತ್ತಿದ್ದಷ್ಟು ಹೇಳಿದಳು, ನಾನು ಟೈಪು ಮಾಡಿದೆ. ಬಳಿಯೆಂದರೆ ನಮ್ಮಲ್ಲಿ ಗೋತ್ರವಿದ್ದ ಹಾಗೆ. ಒಂದೇ ಬಳಿಯವರು ಅಣ್ಣತಂಗಿಯ ಲೆಕ್ಕ, ಅವರೊಳಗೆ ಮದುವೆಯ ಮಾತೇ ಇಲ್ಲ.

ಅಷ್ಟರಲ್ಲಿ ಅಕ್ಕನಿಗೆ ಸಂಬಂಧ ಬಂತು. 'ಬಂತು' ಎನ್ನುವುದು ಮರ್ಯಾದೆಗೆ. ಕಾರ್ಕಳದ ಶಾಲೆಗೆ ಪಾಠ ಮಾಡಲು ಹೋಗುತ್ತಿದ್ದವಳು ಬಸ್ಸಿನಲ್ಲಿ ತಾನೇ ಹುಡುಕಿಕೊಂಡದ್ದು. ಹುಡುಗ ಅಲ್ಲಿನ ಕಲ್ಲುಕೋರೆಯಲ್ಲಿ ಸೂಪರ್‌ವೈಸರ್, ಒಳ್ಳೆಯವನು. ಆದರೆ ಚಿಕ್ಕಂದಿನಲ್ಲೇ ಅಪ್ಪ ಅಮ್ಮ ತೀರಿಕೊಂಡು, ದೊಡ್ಡಪ್ಪನ ಮನೆಯಲ್ಲಿ ಬೆಳೆದವನು. ತನ್ನ ಬಳಿ ಯಾವುದೆಂದು ಅವನಿಗೂ ಗೊತ್ತಿಲ್ಲ, ದೊಡ್ಡಪ್ಪನಿಗೂ ಇಲ್ಲ.

"ಬಳಿ ಗೊತ್ತಾಗದೆ ನಿಶ್ಚಿತಾರ್ಥ ಇಲ್ಲ" ಎಂದು ಅಜ್ಜಿ ತೀರ್ಪು ಕೊಟ್ಟಳು.

"ಅಷ್ಟೆಯಾ? ನನ್ನ ಕಂಪ್ಯೂಟರ್ ಹೇಳ್ತದೆ" ಎಂದೆ.

ಯಾವ ನಂಟಿನಿಂದ ಬಂದದ್ದೋ, ಹುಡುಗನ ಅಪ್ಪ ಅಮ್ಮನ ಮದುವೆ ಕಾಗದವೂ ಟ್ರಂಕಿನಲ್ಲಿತ್ತು. ಭಾನುವಾರ ಮನೆಮಂದಿಯನ್ನೆಲ್ಲ ಎದುರು ಕೂರಿಸಿಕೊಂಡು ಗುಂಡಿ ಒತ್ತಿದೆ. ತೆರೆಯ ಮೇಲೆ ಮೂಡಿದ್ದನ್ನು ರೇಡಿಯೋ ವಾರ್ತೆಯ ಸ್ವರದಲ್ಲಿ ಓದಿದೆ: "ವಧು ಮತ್ತು ವರ ಒಂದೇ ಬಳಿಯವರೇ? ಉತ್ತರ: ಹೌದು."

ಸ್ವರ ಬಹಳ ಚೆನ್ನಾಗಿ ಬಂದಿತ್ತು. ಓದಿದ್ದು ಏನೆಂದು ತಲೆಗೆ ಹೋದದ್ದು ಅಕ್ಕನ ಮುಖ ನೋಡಿದ ಮೇಲೆ. ಅವಳು ಎದ್ದು ಒಳಗೆ ಹೋಗಿ, ಮಡಚಿಟ್ಟ ಬಟ್ಟೆಗಳನ್ನೆಲ್ಲ ಬಿಚ್ಚಿ ಮತ್ತೆ ಮಡಚತೊಡಗಿದಳು.

ನಾಲ್ಕು ದಿನ ಅವಳು ನನಗೆ ಬೈಯಲಿಲ್ಲ. ಅಕ್ಕನಿಂದ ಬೈಗುಳ ತಿನ್ನದೆ ಬದುಕುವುದು ಎಷ್ಟು ಕಷ್ಟವೆಂದು ತಮ್ಮಂದಿರಿಗೇ ಗೊತ್ತು. ಕಂಡಕ್ಟರನ ಸ್ವರ ತೆಗೆದೆ, ನಗಲಿಲ್ಲ. ಕಾರ್ಕಳದಿಂದ ಫೋನು ಬಂದರೆ ಎತ್ತಲಿಲ್ಲ. ಶುಕ್ರವಾರ ಅಜ್ಜಿ ಅಲ್ಲಿಗೆ ಹೋಗಿ 'ಬೇಡ' ಎಂದು ಹೇಳಿ ಬರುವುದೆಂದಾಯಿತು.

ಗುರುವಾರ ಸಂಜೆ ಅಜ್ಜಿ ಕೇಳಿದಳು: "ಅಲ್ಲ ಮಾರಾಯ, ಒಂದೇ ಬಳಿ ಸರಿ. ಯಾವ ಬಳಿ? ನಾಳೆ ಅವರು ಕೇಳಿದರೆ ನಾನು ಎಂತ ಹೇಳುವುದು?"

"ಅದು... ನಾನು ಹೌದಾ ಅಲ್ವಾ ಅಂತ ಮಾತ್ರ ಕೇಳಿದ್ದು, ಅಜ್ಜಿ."

"ಹೆಣ್ಣು ನೋಡ್ಲಿಕ್ಕೆ ಹೋಗಿ ಬಾಗಿಲು ನೋಡಿ ಬಂದ ಹಾಗೆ ಆಯ್ತು. ಪುನಃ ಕೇಳು."

ಕೇಳಿದೆ. ತೆರೆಯ ಮೇಲೆ ಬಂದ ಹೆಸರು ಓದಿದೆ. ಈ ಸಲ ನನ್ನದೇ ಸ್ವರದಲ್ಲಿ.

ಅಜ್ಜಿ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದಳು. "ಅದು ನಿನ್ನ ಅಪ್ಪನ ಬಳಿ ಅಲ್ವಾ! ನನ್ನ ಮೊಮ್ಮಗಳಿಗೆ ಅದು ಎಲ್ಲಿಂದ ಬಂತು?"

ತುಳುನಾಡಿನಲ್ಲಿ ಬಳಿ ಬರುವುದು ತಾಯಿಯಿಂದ. ಇದು ನನಗೆ ಹಾಲುಹಲ್ಲಿನ ಕಾಲದಿಂದ ಗೊತ್ತು. ಆದರೆ ನನ್ನ ನಿಯಮಗಳಿಗೆ ಗೊತ್ತಿರಲಿಲ್ಲ. ಅವನ್ನು ನಾನು ಬರೆದಿರಲೇ ಇಲ್ಲ. ಇಂಟರ್ನೆಟ್ಟಿನಲ್ಲಿ ಸಿಕ್ಕ ಯಾವುದೋ ಪರದೇಶಿ ಕುಟುಂಬದ ಮಾದರಿಯನ್ನು, ವಂಶ ತಂದೆಯಿಂದ ಎಂಬ ಸಾಲಿನ ಸಮೇತ ಎತ್ತಿ, 'ವಂಶ' ಇದ್ದಲ್ಲಿ 'ಬಳಿ' ಎಂದು ಬದಲಿಸಿದ್ದೆ, ಅಷ್ಟೆ. ಊರವರ ಸ್ವರವೆಲ್ಲ ನಕಲು ಮಾಡಿ ಮುಗಿಸಿದವನು ಕೊನೆಗೆ ಬೇರೆಯವರ ಅಪ್ಪನನ್ನೂ ನಕಲು ಮಾಡಿದ್ದ.

"ಹಾಗಾದ್ರೆ ಅಪ್ಪಂದಿರದ್ದು ಒಂದೇ ಬಳಿ" ಎಂದೆ ಮೆಲ್ಲಗೆ.

"ಅಪ್ಪಂದಿರು ಮದುವೆ ಆಗ್ಬಾರ್ದು, ಅಷ್ಟೆ!" ಎಂದಳು ಅಜ್ಜಿ.

'ತಂದೆ' ಇದ್ದಲ್ಲಿ 'ತಾಯಿ' ಎಂದು ತಿದ್ದಿದೆ. ಈಗ ಕಂಪ್ಯೂಟರು ಹುಡುಗನ ತಾಯಿಯಿಂದ ಅವಳ ತಾಯಿಗೆ ಏರಿ, ಅಲ್ಲಿಂದ ಕೆಮ್ಮಣ್ಣು ಎಂಬ ಊರಿನಲ್ಲಿದ್ದ ಆ ಅಜ್ಜಿಯ ತಂಗಿಗೆ ಇಳಿಯಿತು. ಅವಳ ಬಳಿಯನ್ನು ನಮ್ಮಜ್ಜಿ ಎಂದೋ ಹೇಳಿದ್ದಳು. ಅದು ಬೇರೆ ಬಳಿ, ಪೂರ್ತಿ ಬೇರೆ. ಆದರೂ ಹೈಕೋರ್ಟಿಗೆ ಸಾಕಾಗಲಿಲ್ಲ. "ಡಬ್ಬವನ್ನು ಒಮ್ಮೆ ನಂಬಿ ಆಯ್ತು" ಎಂದು ಮರುದಿನ ಕಾರ್ಕಳದ ಬದಲು ಕೆಮ್ಮಣ್ಣಿಗೆ ಹೊರಟಳು, ನನ್ನನ್ನೂ ಎಳೆದುಕೊಂಡು. ತೆಂಗಿನ ಬುಡದಲ್ಲಿ ಮೀನು ಒಣಗಿಸುತ್ತಿದ್ದ ಮುದುಕಿ ಹುಡುಗನ ಹೆಸರು ಕೇಳಿ ಕೈ ಒರೆಸಿಕೊಂಡಳು. "ನಮ್ಮ ಗಿರಿಜೆಯ ಮಗನಾ? ಬದುಕಿ ಉಂಟಾ ಆ ಮಗು?" ಎಂದು ಅತ್ತಳು. ಅತ್ತು ಮುಗಿಸಿ ಬಳಿಯ ಹೆಸರು ಹೇಳಿದಳು. ತೆರೆಯ ಮೇಲೆ ಬಂದದ್ದೇ!

ಮನೆಗೆ ಬಂದು ಹೇಳಿದಾಗ ಅಕ್ಕ ನನ್ನ ಬೆನ್ನಿಗೊಂದು ಗುದ್ದಿದಳು. "ಕತ್ತೆ! ನಾಲ್ಕು ದಿನ ನನ್ನ ಜೀವ ತಿಂದೆಯಲ್ಲ!" ಅಷ್ಟು ಹಿತವಾದ ಬೈಗುಳವನ್ನು ನಾನು ಮತ್ತೆ ಕೇಳಿಲ್ಲ.

ಮೊನ್ನೆ ಆ ಕಾಗದವನ್ನು ಮತ್ತೆ ಟ್ರಂಕಿನಲ್ಲಿಟ್ಟು, ಕಾರ್ಕಳದ ಅಕ್ಕನ ಮನೆಗೆ ಫೋನು ಮಾಡಿದೆ. "ಅಕ್ಕ, ಭಾನುವಾರ ನಾನು ಅಲ್ಲಿಗೆ ಊಟಕ್ಕೆ ಬರಬಹುದಾ?"

ಆ ಕಡೆಯಿಂದ ರೇಡಿಯೋ ವಾರ್ತೆಯ ಸ್ವರ ಬಂತು, ನನ್ನದಕ್ಕಿಂತ ಚೆನ್ನಾಗಿ: "ಉತ್ತರ: ಹೌದು."

ನಾನು ಫೋನು ಇಡಲಿಲ್ಲ. "ಯಾವ ಮೀನು?" ಎಂದು ಕೇಳಿದೆ.