ಅಣ್ಣ ಕೇಳಿ ತಂದ ಶೆಡ್ಡು

ಇವತ್ತು ಬೆಳಿಗ್ಗೆ ನಮ್ಮ ಅಟ್ಟದಿಂದ ಸತ್ತ ಇಲಿಯೊಂದು ಬಿತ್ತು. ಸೊಸೆ ಅದನ್ನು ಹಳೇ ಪೇಪರಿನಲ್ಲಿ ಎತ್ತಿ ಆಚೆ ಎಸೆದು ಕೈ ತೊಳೆದುಕೊಳ್ಳುವಷ್ಟರಲ್ಲಿ ನಾನು ಚಪ್ಪಲಿ ಮೆಟ್ಟಿ ಜಗಲಿಗೆ ಬಂದಾಗಿತ್ತು. ನಗಬೇಡಿ. ನಮ್ಮ ಕಾಲದ ಮಧುಗಿರಿಯಲ್ಲಿ ಇಲಿ ಬಿತ್ತೆಂದರೆ ಪ್ಲೇಗು ಬಂತೆಂದೇ ಲೆಕ್ಕ. ಮನೆಗೆ ಬೀಗ ಜಡಿದು ಊರಾಚೆ ಗುಡಿಸಲು ಹಾಕಿಕೊಳ್ಳಬೇಕಿತ್ತು.

ನಮ್ಮಣ್ಣ ರುದ್ರಣ್ಣ ಆಗ ಮೈಸೂರು ಮಹಾರಾಜರ ಪ್ರಜಾಪ್ರತಿನಿಧಿ ಸಭೆಯ ಸದಸ್ಯ. ಜವಳಿ ಅಂಗಡಿಯವನು, ಯಾವ ಪಕ್ಷಕ್ಕೂ ಸೇರದವನು. "ಪಕ್ಷಕ್ಕೆ ಸೇರಿದ್ರೆ ಬಾಯಿ ಮುಚ್ಕಂಡಿರ್ಬೇಕು ಕಣ್ಲಾ" ಎನ್ನುತ್ತಿದ್ದ. ಅವನ ಪರವಾಗಿ ಪುರವರದಿಂದ ಕೊರಟಗೆರೆವರೆಗೆ ಸೈಕಲ್ ತುಳಿದು ವೋಟು ಕೇಳುತ್ತಿದ್ದವನು ನಾನು. ಸೈಕಲ್ಲಿಗೆ ಬ್ರೇಕಿರಲಿಲ್ಲ, ಆದರೂ ನನ್ನನ್ನು ನಾನು ದಿವಾನರೆಂದೇ ತಿಳಿದುಕೊಂಡಿದ್ದೆ.

ಜನ ಪ್ಲೇಗು ತಗುಲಿದವರನ್ನು ಕಣಜದ ಹಿಂದೆ ಬಚ್ಚಿಡುತ್ತಿದ್ದರು, ಅದು ಹತ್ತಿ ಮನೆಮಂದಿಯೆಲ್ಲ ಸಾಯುತ್ತಿದ್ದರು. ಅದಕ್ಕೇ ಅಣ್ಣ ಪ್ರತಿ ದಸರಾಕ್ಕೆ ಮೈಸೂರಿನ ಸಭೆಯಲ್ಲಿ ಎದ್ದು ನಿಂತು ಒಂದೇ ಮಾತು ಕೇಳಿದ: ಊರಾಚೆ ಒಂದು ಶೆಡ್ಡು ಬೇಕು, ಜ್ವರ ಬಂದವರನ್ನು ಕಡ್ಡಾಯವಾಗಿ ಅಲ್ಲಿಗೆ ಕಳಿಸಬೇಕು, ಮನೆಯವರನ್ನು ಒಳಗೆ ಬಿಡಕೂಡದು. ಕೊನೆಗೂ ತಗಡಿನ ಶೆಡ್ಡು ಬಂತು. ಊರವರು ಆ ಕಡೆ ತಲೆ ಹಾಕಲಿಲ್ಲ. "ಯೋಳಾದು ಸುಲಭ. ಅವ್ನ ಮನೆಯೋರ್ನ ಕಳಿಸ್ತಾನಾ?" ಎಂದು ನನ್ನ ಮುಖಕ್ಕೇ ಕೇಳುತ್ತಿದ್ದರು.

ಮುಂದಿನ ಚುನಾವಣೆಗೆ ಹದಿನೈದು ದಿನವಿತ್ತು. ಮತ್ತೆ ಇಲಿ ಬಿದ್ದವು. ಅತ್ತಿಗೆ ಗಂಗಮ್ಮನಿಗೆ ಜ್ವರ ಬಂತು.

"ಬರೀ ಜ್ವರ ಕಣಪ್ಪ, ಪ್ಲೇಗಿನ ಗಡ್ಡೆ ಎದ್ದಿಲ್ಲ ನೋಡು" ಎಂದು ಅವ್ವ ಅಂಗಲಾಚಿದಳು. ಅಣ್ಣ ನಡುಮನೆಯಲ್ಲಿ ಅತ್ತಿಂದಿತ್ತ ಓಡಾಡಿದ. ಜೀವಮಾನದಲ್ಲಿ ಎಂದೂ ನನ್ನ ಅಭಿಪ್ರಾಯ ಕೇಳದವನು ಅಂದು ಕೇಳಿದ: "ಏನ್ ಮಾಡಾನ್ಲಾ?"

"ಮನೇಲಿ ಮಡಿಕಂಡ್ರೆ ಎಲೆಕ್ಷನ್ ಹೋಯ್ತು ಅಂತ್ಲೇ ತಿಳ್ಕ. ಕಳಿಸ್ಬುಟ್ರೆ ನಿನ್ ಎದುರಿಗೆ ಯಾರೂ ನಿಲ್ಲಕ್ಕಾಗಲ್ಲ" ಎಂದೆ.

ಗಾಡಿಯನ್ನು ಹಾಡುಹಗಲೇ ಪೇಟೆ ಬೀದಿಯಲ್ಲಿ ಹೊಡೆಸಿದವನೂ ನಾನೇ. ಎಲ್ಲರೂ ನೋಡಲಿ ಅಂತ. ಶೆಡ್ಡಿನ ಬಾಗಿಲಲ್ಲಿ ಅತ್ತಿಗೆ, "ನೀನಾದ್ರೂ ಜೊತೇಲಿರಪ್ಪ" ಎಂದರು. ಒಳಗೆ ಬಿಡುವಂತಿಲ್ಲವೆಂದು ಕಾವಲುಗಾರ ಅಡ್ಡ ನಿಂತ. ನಿಜ ಹೇಳುತ್ತೇನೆ, ನನಗೆ ನಿರಾಳವೇ ಆಯಿತು.

ಐದನೆಯ ದಿನ ಅವರಿಗೆ ಗಡ್ಡೆ ಎದ್ದಿತು. ಮನೆಯಿಂದಲೇ ಹೊತ್ತು ಹೋಗಿದ್ದರೋ, ಅಕ್ಕಪಕ್ಕ ಮಲಗಿದ್ದವರಿಂದ ಹತ್ತಿತೋ, ಹೇಳುವವರಿಲ್ಲ. ಏಳನೆಯ ದಿನ ಹೋದರು. ಬಾಯಿಗೆ ನೀರು ಬಿಟ್ಟವರು ಯಾರೆಂದೂ ನಮಗೆ ಗೊತ್ತಿಲ್ಲ.

ಅಣ್ಣ ಗೆದ್ದ. ಜನ ತಾವಾಗಿಯೇ ರೋಗಿಗಳನ್ನು ಶೆಡ್ಡಿಗೆ ಕರೆತಂದರು, ಎಷ್ಟೋ ಮನೆಗಳು ಉಳಿದವು. ಅದೂ ನಿಜವೇ. ಆ ವರ್ಷ ಮೈಸೂರಿನಲ್ಲಿ ಅಣ್ಣ ಒಂದೇ ಸಲ ಎದ್ದು ನಿಂತನಂತೆ: ರೋಗಿಯ ಜೊತೆ ಮನೆಯವರೊಬ್ಬರನ್ನು ಬಿಡಬೇಕು ಎಂದು ಕೇಳಲು. ಪರಿಶೀಲಿಸುತ್ತೇವೆ ಎಂಬ ಉತ್ತರ ಬಂತು. ಮತ್ತೆ ಅವನು ಚುನಾವಣೆಗೆ ನಿಲ್ಲಲಿಲ್ಲ. ಸಾಯುವ ಮುಂಚೆ ಒಮ್ಮೆ, "ನೀನ್ ಯೋಳ್ದೆ ಅಂತಲ್ಲ ಕಣ್ಲಾ. ನಂಗೂ ಗೆಲ್ಬೇಕಿತ್ತು" ಎಂದ.

ಅಂದಿನಿಂದ ಎಷ್ಟೋ ಸಭೆಗಳಲ್ಲಿ ನಾನು ಈ ಕಥೆಯನ್ನು ಅಣ್ಣನ ತ್ಯಾಗವೆಂದು ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಈಗ ಸೊಸೆ ಜಗಲಿಗೆ ಬಂದು ಪಕ್ಕದಲ್ಲಿ ಕೂತು, "ಊರಿಗೋಸ್ಕರ ಹೆಂಡ್ತೀನೇ ಕಳಿಸಿದ್ರಲ್ಲ ಮಾವ, ದೊಡ್ಡಮಾವನೋರ ಎದೆ ಎಂಥಾ ಗಟ್ಟಿ!" ಎಂದಳು. ಯಾವತ್ತೂ ತಲೆಯಾಡಿಸುತ್ತಿದ್ದೆ.

"ಊರಿಗೋಸ್ಕರ ಅಲ್ಲ ಕಣಮ್ಮ, ವೋಟಿಗೋಸ್ಕರ. ಕಳಿಸು ಅಂದೋನು ನಾನು" ಎಂದೆ.